ನೆಲಕ್ಕೆ ಹನಿ ಬೀಳದ ಸೋರಿಕೆ: ಹಳೆಯ ಝೆನ್ ಕಾರಿನ ಮಾಸ್ಟರ್ ಸಿಲಿಂಡರ್ ಬದಲಿಸಿದ ಬಗೆ

ಐದು ವಾರಗಳಲ್ಲಿ ಎರಡು ಸಲ ಬ್ರೇಕ್ ಆಯಿಲ್ ಹಾಕಬೇಕಾಗಿ ಬಂತು. ಆದರೆ ಗಾಡಿ ನಿಲ್ಲುವ ಜಾಗದಲ್ಲಿ ಒಂದು ಹನಿಯ ಗುರುತೂ ಇರಲಿಲ್ಲ. ಪುಣೆಯ ಧಾಯರಿಯಲ್ಲಿರುವ ನಮ್ಮ ಸೊಸೈಟಿಯ ಪಾರ್ಕಿಂಗಿಗೆ ತಿಳಿಬಣ್ಣದ ಟೈಲ್ಸ್ ಹಾಕಿಸಿ ಇನ್ನೂ ವರ್ಷವಾಗಿಲ್ಲ, ಅದರ ಮೇಲೆ ಯಾರ ಗಾಡಿ ಎಷ್ಟು ಎಣ್ಣೆ ತೊಟ್ಟಿಕ್ಕಿಸಿತು ಎಂಬ ಲೆಕ್ಕವನ್ನು ನಮ್ಮ ಕಾರ್ಯದರ್ಶಿಯವರು ಬಾಯಿಪಾಠವಾಗಿ ಹೇಳಬಲ್ಲರು. ಅವರ ಲೆಕ್ಕದಲ್ಲಿಯೂ ನನ್ನ 1999ರ ಮಾರುತಿ ಝೆನ್ ನಿರ್ದೋಷಿಯಾಗಿತ್ತು. ಹಾಗಾದರೆ ಆಯಿಲ್ ಹೋಗುತ್ತಿರುವುದಾದರೂ ಎಲ್ಲಿಗೆ ಎಂಬ ಪ್ರಶ್ನೆಯಿಂದ ಈ ಕೆಲಸ ಆರಂಭವಾಯಿತು. ಮೇ ತಿಂಗಳ ಕೊನೆಯಲ್ಲಿ ಧಾರವಾಡಕ್ಕೆ ಹೋಗುವುದಿತ್ತು. ಹೋಗಿಬರುವ ಎಂಟುನೂರಕ್ಕೂ ಹೆಚ್ಚು ಕಿಲೋಮೀಟರಿನ ದಾರಿಯನ್ನು, ನಡುವೆ ಘಾಟಿಗಳೂ ಇರುವ ದಾರಿಯನ್ನು, ಉತ್ತರ ಸಿಗದ ಪ್ರಶ್ನೆಯೊಂದಿಗೆ ಕ್ರಮಿಸುವ ಮನಸ್ಸು ನನಗಿರಲಿಲ್ಲ.

ಬ್ರೇಕ್ ಆಯಿಲ್ ತುಂಬುವ ಡಬ್ಬಿಯ ಮಟ್ಟ ಇಳಿದ ಮಾತ್ರಕ್ಕೆ ಸೋರಿಕೆಯೆಂದು ತೀರ್ಮಾನಿಸುವಂತಿಲ್ಲ. ಮುಂದಿನ ಚಕ್ರಗಳ ಡಿಸ್ಕ್ ಪ್ಯಾಡುಗಳು ಸವೆದಂತೆಲ್ಲ, ಅವನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿಸ್ಟನ್ ಸ್ವಲ್ಪ ಸ್ವಲ್ಪವೇ ಹೊರಗೆ ಸರಿದು ನಿಲ್ಲುತ್ತದೆ, ಅದರ ಬೆನ್ನಿಗೆ ತೆರವಾದ ಜಾಗವನ್ನು ತುಂಬಲು ಡಬ್ಬಿಯ ಆಯಿಲ್ ಕೆಳಗಿಳಿಯುತ್ತದೆ. ಆದರೆ ಅದು ತಿಂಗಳುಗಟ್ಟಲೆ ನಡೆಯುವ ಇಳಿತ. ನನ್ನ ಗಾಡಿಯಲ್ಲಿ ಪ್ಯಾಡುಗಳು ಅರ್ಧಕ್ಕಿಂತ ಹೆಚ್ಚು ದಪ್ಪ ಉಳಿಸಿಕೊಂಡಿದ್ದವು, ಹೋದ ಆಯಿಲ್ ಮಾತ್ರ ಸುಮಾರು 100 ಮಿಲಿಲೀಟರ್. ಮುಂದಿನ ಅನುಮಾನ ಹಿಂದಿನ ಚಕ್ರಗಳ ಕಡೆ ತಿರುಗಿತು. ಡ್ರಮ್ಮಿನೊಳಗಿನ ವೀಲ್ ಸಿಲಿಂಡರ್ ಸೋರುತ್ತಿದ್ದರೆ ಡ್ರಮ್ಮಿನ ಹಿಂದಿನ ತಗಡಾದ ಬ್ಯಾಕ್ ಪ್ಲೇಟಿನ ಕೆಳ ಅಂಚು ಮತ್ತು ಟೈರಿನ ಒಳಮೈ ಒದ್ದೆಯಾಗಿರಬೇಕು. ಎರಡೂ ಡ್ರಮ್ ಕಳಚಿ, ವೀಲ್ ಸಿಲಿಂಡರಿನ ರಬ್ಬರ್ ಟೊಪ್ಪಿಗೆಯ ಅಂಚನ್ನು ಎತ್ತಿ ನೋಡಿದರೂ ಒಣ ಧೂಳಿನ ಹೊರತು ಬೇರೇನೂ ಕಾಣಲಿಲ್ಲ. ನಾಲ್ಕೂ ಚಕ್ರಗಳ ಹೋಸುಗಳು, ಗಾಡಿಯ ಅಡಿಯಲ್ಲಿ ಹಾದುಹೋಗುವ ಕಬ್ಬಿಣದ ಪೈಪುಗಳು ಎಲ್ಲವೂ ಒಣಗಿದ್ದವು.

ನಿಜವಾದ ಸುಳಿವು ಸಿಕ್ಕದ್ದು ಸಿಂಹಗಡ ರಸ್ತೆಯ ಸಿಗ್ನಲ್ಲಿನಲ್ಲಿ. ಪೆಡಲನ್ನು ಗಟ್ಟಿಯಾಗಿ ತುಳಿದರೆ ಎಂದಿನಂತೆ ಬಿಗಿಯಾಗಿ ನಿಲ್ಲುತ್ತಿತ್ತು. ಆದರೆ ಕಾಲನ್ನು ಹಗುರವಾಗಿ ಇಟ್ಟುಕೊಂಡು ಹಸಿರು ದೀಪಕ್ಕೆ ಕಾಯುವಾಗ ಅದು ತನ್ನಷ್ಟಕ್ಕೆ ಕೆಳಗೆ ಇಳಿಯುತ್ತಿತ್ತು. ಮನೆಗೆ ಬಂದು ಇದನ್ನೇ ಮತ್ತೆ ಪರೀಕ್ಷಿಸಿದೆ. ಇಲ್ಲೇ ಇಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗನನ್ನು ಚಾಲಕನ ಸೀಟಿನಲ್ಲಿ ಕೂರಿಸಿ, ಇಂಜಿನ್ ಬಂದ್ ಇರುವಾಗ ಕಾಲಿನ ಬಲಕ್ಕೆ ನೆರವಾಗುವ ಬೂಸ್ಟರಿನಲ್ಲಿ ಉಳಿದ ನಿರ್ವಾತ ಖಾಲಿಯಾಗುವಂತೆ ಪೆಡಲನ್ನು ಐದಾರು ಸಲ ತುಳಿಸಿ, ಆಮೇಲೆ ಒಂದೇ ಸಮನೆ ಹಗುರವಾಗಿ ಒತ್ತಿ ಹಿಡಿಯಲು ಹೇಳಿದೆ. ಅರ್ಧ ನಿಮಿಷವೂ ಆಗಿರಲಿಲ್ಲ, "ಮಾಮಾ, ಪೆಡಲ್ ತಾನ ಕೆಳಗ ಹೊಂಟೈತ್ರಿ" ಎಂದ. ಹೊರಗೆ ಎಲ್ಲಿಯೂ ತೇವವಿಲ್ಲದೆ ಪೆಡಲ್ ಹೀಗೆ ಇಳಿಯುತ್ತದೆ ಎಂದರೆ, ಪೆಡಲಿನ ಒತ್ತಡವನ್ನು ಆಯಿಲಿನ ಮೂಲಕ ಚಕ್ರಗಳಿಗೆ ತಲುಪಿಸುವ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಕಪ್ ಒತ್ತಡವನ್ನು ಹಿಡಿದಿಟ್ಟುಕೊಳ್ಳುತ್ತಿಲ್ಲ, ಆಯಿಲ್ ಅದರ ಅಂಚಿನಿಂದ ನುಸುಳಿ ಹಿಂದಕ್ಕೆ ಹೋಗುತ್ತಿದೆ ಎಂದೇ ಅರ್ಥ. ಜೋರಾಗಿ ತುಳಿದಾಗ ಒತ್ತಡವು ಕಪ್ಪಿನ ತುಟಿಯನ್ನು ಸಿಲಿಂಡರಿನ ಗೋಡೆಗೆ ಒಮ್ಮೆಲೇ ಅದುಮಿ ಹಿಡಿಯುತ್ತದೆ, ಹಗುರವಾಗಿ ಒತ್ತಿದಾಗ ಅಷ್ಟು ಅದುಮುವುದಿಲ್ಲ. ಆದ್ದರಿಂದಲೇ ಗಾಬರಿಯಿಂದ ತುಳಿದಾಗ ಸರಿಯಾಗಿ ಹಿಡಿಯುವ ಬ್ರೇಕು ಸಿಗ್ನಲ್ಲಿನಲ್ಲಿ ಮೋಸ ಮಾಡುತ್ತದೆ.

ಇಷ್ಟಾದರೂ ಡಬ್ಬಿ ಖಾಲಿಯಾಗುತ್ತಿದ್ದುದಕ್ಕೆ ಕಾರಣ ಸಿಕ್ಕಿರಲಿಲ್ಲ. ಒಳಗಿನ ಕಪ್ಪನ್ನು ದಾಟಿದ ಆಯಿಲ್ ಡಬ್ಬಿಗೇ ಮರಳುತ್ತದೆ, ಹೊರಗೆ ಹೋಗುವುದಿಲ್ಲ. ಹೊರಗೆ ಹೋಗಬೇಕಾದರೆ ಸಿಲಿಂಡರಿನ ಹಿಂಬದಿಯ ಕೊನೆಯ ಸೀಲ್ ಸೋತಿರಬೇಕು. ಆ ಸೀಲಿನ ಹಿಂದೆಯೇ ಬೂಸ್ಟರ್ ಇದೆ: ಇಂಜಿನ್ನಿನ ಮ್ಯಾನಿಫೋಲ್ಡಿನಿಂದ ಬರುವ ನಿರ್ವಾತದ ಬಲದಲ್ಲಿ ನಮ್ಮ ಕಾಲಿನ ಒತ್ತಡವನ್ನು ಹೆಚ್ಚಿಸುವ, ದೊಡ್ಡ ತಟ್ಟೆಯಂತಹ ಕಪ್ಪು ಡಬ್ಬ. ಹಿಂಬದಿಯ ಸೀಲನ್ನು ದಾಟಿದ ಆಯಿಲನ್ನು ಆ ನಿರ್ವಾತ ತನ್ನೊಳಗೆ ಎಳೆದುಕೊಳ್ಳುತ್ತದೆ, ನೆಲಕ್ಕೆ ಬೀಳಲು ಬಿಡುವುದಿಲ್ಲ. ಅಲ್ಲಿ ತುಂಬಿ ಹೆಚ್ಚಾದರೆ ನಿರ್ವಾತದ ಹೋಸಿನ ಮೂಲಕ ಇಂಜಿನ್ನಿಗೇ ಹೋಗಿ ಸೈಲೆನ್ಸರಿನಿಂದ ಬಿಳಿ ಹೊಗೆಯಾಗಿ ಹೊರಬರುವುದೂ ಉಂಟು. ನನ್ನ ಗಾಡಿ ಆ ಹಂತಕ್ಕೆ ಬಂದಿರಲಿಲ್ಲ. ಟಾರ್ಚ್ ಹಿಡಿದು ನೋಡಿದಾಗ ಸಿಲಿಂಡರ್ ಬೂಸ್ಟರಿಗೆ ಕೂಡುವ ಜಾಗದ ಕೆಳಗೆ, ಎರಡು ಬೆರಳಿನಷ್ಟು ಅಗಲಕ್ಕೆ, ಬೂಸ್ಟರಿನ ಕಪ್ಪು ಬಣ್ಣ ಗುಳ್ಳೆಯೆದ್ದು ಸುಲಿದಿತ್ತು. ಬ್ರೇಕ್ ಆಯಿಲ್ ಎಂದು ನಾವು ಕರೆಯುವುದು ಎಣ್ಣೆಯೇ ಅಲ್ಲ. ಗ್ಲೈಕಾಲ್ ಜಾತಿಯ ದ್ರವ ಅದು, ತಾಗಿದ ಕಡೆ ಬಣ್ಣವನ್ನು ತಿನ್ನುತ್ತದೆ. ಸಿಲಿಂಡರನ್ನು ಹಿಡಿದಿರುವ ಎರಡು ನಟ್ಟುಗಳನ್ನು ನಾಲ್ಕು ಸುತ್ತು ಸಡಿಲಿಸಿ ಮುಂದಕ್ಕೆ ಜಗ್ಗಿದ ಕೂಡಲೇ ಸಂದಿಯಿಂದ ಕಂದುಬಣ್ಣದ ದ್ರವ ತೊಟ್ಟಿಕ್ಕಿತು. ಐದು ವಾರಗಳ ಪ್ರಶ್ನೆಗೆ ಉತ್ತರ ಅಷ್ಟರಲ್ಲಿ ಸಿಕ್ಕಿತು.

ಶನಿವಾರ ಬೆಳಿಗ್ಗೆ ಬಸ್ಸು ಹಿಡಿದು ನಾನಾ ಪೇಠಿಗೆ ಹೋದೆ. ವಾಹನಗಳ ಬಿಡಿಭಾಗಗಳಿಗೆ ಪುಣೆಯಲ್ಲಿ ಅದೇ ಪೇಟೆ. ಒಂದೊಂದು ಗಲ್ಲಿಯಲ್ಲಿ ಒಂದೊಂದು ಜಾತಿಯ ಸಾಮಾನು. ಝೆನ್ ತಯಾರಿಕೆ 2006ರಲ್ಲೇ ನಿಂತಿದ್ದರೂ ಬ್ರೇಕಿನ ಭಾಗಗಳಿಗೆ ಬರವಿಲ್ಲ. ನಾನು ಹೋದ ಅಂಗಡಿಯ ಮಾಲೀಕರು ಮರಾಠಿಯಲ್ಲಿ ಕೇಳಿದ ಮೊದಲ ಪ್ರಶ್ನೆಯೇ "ಬೂಸ್ಟರ್ ಇರುವುದೋ ಇಲ್ಲದ್ದೋ, ಪೈಪಿನ ತೂತು ಎಷ್ಟು" ಎಂದು. ಫೋನಿನಲ್ಲಿ ಹಳೆಯ ಸಿಲಿಂಡರಿನ ಚಿತ್ರಗಳನ್ನು ಎಲ್ಲ ದಿಕ್ಕಿನಿಂದ ತೆಗೆದುಕೊಂಡು ಹೋಗಿದ್ದು ಒಳ್ಳೆಯದಾಯಿತು. ನಾನು ಅಳಿಯನೊಂದಿಗೆ ಫೋನಿನಲ್ಲಿ ಮಾತನಾಡಿದ್ದನ್ನು ಕೇಳಿಸಿಕೊಂಡ ಅಂಗಡಿಯ ಹುಡುಗ "ಯಾವೂರ್ರಿ ಸರ ನಿಮ್ದು?" ಎಂದ, ಅವನದು ಇಂಡಿ ತಾಲ್ಲೂಕು. ಬರಿಯ ವಾಷರ್ ಕಿಟ್, ಅಂದರೆ ಒಳಗಿನ ರಬ್ಬರುಗಳನ್ನಷ್ಟೇ, ಹಾಕಿದರೆ ಸಾಲದೇ ಎಂದು ಕೇಳಿದ್ದಕ್ಕೆ ಅವನು ಹೇಳಿದ ಮಾತನ್ನು ಹಾಗೆಯೇ ಬರೆಯುತ್ತೇನೆ: "ಬೋರ್ ನೋಡದ ಕಿಟ್ ಒಯ್ಯೋದು ಅಂದ್ರ ಕಾಲ ನೋಡದ ಚಪ್ಪಲಿ ಒಯ್ದಂಗ್ರಿ ಸರ." ಕಿಟ್‌ನ ಬೆಲೆ ಇಡೀ ಸಿಲಿಂಡರಿನ ಬೆಲೆಯ ಕಾಲುಭಾಗವೂ ಇಲ್ಲ. ಆದರೆ ಸಿಲಿಂಡರಿನ ಒಳಗೋಡೆಯಲ್ಲಿ ತುಕ್ಕಿನ ಗುಳಿ ಬಿದ್ದಿದ್ದರೆ ಹೊಸ ರಬ್ಬರನ್ನು ಅದು ಕೆಲವೇ ತಿಂಗಳಲ್ಲಿ ಹರಿದುಹಾಕುತ್ತದೆ, ಮಾಡಿದ ಶ್ರಮವೆಲ್ಲ ಎರಡು ಸಲವಾಗುತ್ತದೆ. ಇಡೀ ಸಿಲಿಂಡರನ್ನೇ ಕೊಂಡೆ.

ಕೊಳ್ಳುವಾಗ ಗಮನಿಸಲೇಬೇಕಾದ ಅಳತೆಯೆಂದರೆ ಬೋರ್, ಅಂದರೆ ಒಳವ್ಯಾಸ. ಹೊರನೋಟಕ್ಕೆ ಒಂದೇ ತೆರನಾಗಿ ಕಾಣುವ, ಅದೇ ಬೋಲ್ಟಿಗೆ ಕೂರುವ ಸಿಲಿಂಡರುಗಳು ಬೇರೆ ಬೇರೆ ಬೋರಿನಲ್ಲಿ ಬರುತ್ತವೆ. ಉದಾಹರಣೆಗೆ, ಮುಕ್ಕಾಲು ಇಂಚು ಎಂದರೆ 19.05 ಮಿಲಿಮೀಟರ್, ಹದಿನಾರರಲ್ಲಿ ಹದಿಮೂರು ಇಂಚು ಎಂದರೆ 20.64 ಮಿಲಿಮೀಟರ್, ವ್ಯತ್ಯಾಸ ಒಂದೂವರೆ ಮಿಲಿಮೀಟರಿನಷ್ಟೇ ಆದರೂ ಪಿಸ್ಟನ್ ಮುಖದ ವಿಸ್ತೀರ್ಣದಲ್ಲಿ ಅದು ಶೇಕಡಾ 17ರಷ್ಟಾಗುತ್ತದೆ. ದೊಡ್ಡ ಬೋರ್ ಹಾಕಿದರೆ ಪೆಡಲ್ ಕಡಿಮೆ ದೂರ ಇಳಿದು ಬಿಗಿಯಾದಂತೆ ಅನ್ನಿಸುತ್ತದೆ, ಆದರೆ ಅಷ್ಟೇ ಒತ್ತಡ ಹುಟ್ಟಿಸಲು ಕಾಲಿಗೆ ಅಷ್ಟೂ ಹೆಚ್ಚು ಬಲ ಬೇಕಾಗುತ್ತದೆ. ಈ ಅಳತೆ ಸಾಮಾನ್ಯವಾಗಿ ಎರಕದ ಮೈಮೇಲೆಯೇ ಉಬ್ಬಿದ ಅಂಕೆಗಳಲ್ಲಿ ಇರುತ್ತದೆ. ಹಳೆಯದರ ಚಿತ್ರದಲ್ಲಿದ್ದ ಅಂಕೆ ಹೊಸದರ ಮೇಲೂ ಇದೆಯೆಂದು ನೋಡಿಕೊಂಡೆ. ಒಂದು ಅಳತೆಯನ್ನು ಮಾತ್ರ ನೋಡಲಿಲ್ಲ. ಅದರ ಬೆಲೆಯನ್ನು ಮರುದಿನ ತೆತ್ತೆ.

ಜೊತೆಗೆ ಡಾಟ್ 3 ದರ್ಜೆಯ ಬ್ರೇಕ್ ಆಯಿಲಿನ ಅರ್ಧ ಲೀಟರಿನ ಎರಡು ಬಾಟಲಿ, ಪೈಪಿನ ನಟ್ಟಿಗೆಂದೇ ಮಾಡಿದ 10 ಎಂಎಂ ಫ್ಲೇರ್ ಪಾನಾ, ಔಷಧದಂಗಡಿಯಿಂದ 50 ಮಿಲಿಲೀಟರಿನ ಒಂದು ಸಿರಿಂಜ್ ಮತ್ತು ಎರಡು ಮೀಟರ್ ಸಲೈನ್ ಪೈಪ್ ತಂದೆ. ಡಾಟ್ 4 ಹಾಕಿದ್ದರೂ ನಡೆಯುತ್ತಿತ್ತು, ಎರಡೂ ಗ್ಲೈಕಾಲ್ ಜಾತಿಯವೇ. ಹೊಸ ಡಾಟ್ 3 ದ್ರವ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು, ಡಾಟ್ 4 ಆದರೆ 230 ಡಿಗ್ರಿಯವರೆಗೆ. ಆದರೆ ಈ ದ್ರವ ಗಾಳಿಯ ತೇವವನ್ನು ಹೀರುತ್ತದೆ. ನೀರಿನ ಅಂಶ ಶೇಕಡಾ 3.7ರ ಸುಮಾರಿಗೆ ಬಂದಾಗ ಡಾಟ್ 3ಕ್ಕೆ ಇರಬೇಕಾದ ಕುದಿಬಿಂದುವಿನ ಮಿತಿ 140 ಡಿಗ್ರಿ ಮಾತ್ರ. ಪುಣೆಯ ನಾಲ್ಕು ತಿಂಗಳ ಮಳೆಗಾಲವನ್ನು ಕಂಡವರಿಗೆ, ಅರ್ಧ ಖಾಲಿಯಾಗಿ ಕಪಾಟಿನಲ್ಲಿ ವರ್ಷಗಟ್ಟಲೆ ಕುಳಿತ ಬಾಟಲಿಯನ್ನು ಏಕೆ ಬಳಸಬಾರದೆಂದು ಹೇಳಬೇಕಿಲ್ಲ. ಸಿಲಿಕೋನಿನಿಂದ ಮಾಡಿದ ಡಾಟ್ 5 ಮಾತ್ರ ಬೇರೆಯದೇ ಜಾತಿ, ಅದನ್ನು ಇದರೊಂದಿಗೆ ಬೆರೆಸಬಾರದು.

ಶನಿವಾರ ಸಂಜೆ ಪೈಪಿನ ನಟ್ಟುಗಳ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆಯನ್ನು ಸ್ವಲ್ಪವೇ ಹಚ್ಚಿ ಬಿಟ್ಟೆ. ಭಾನುವಾರ ಬೆಳಿಗ್ಗೆ ಬ್ಯಾಟರಿಯ ಒಂದು ತಂತಿ ಬಿಡಿಸಿ, ಮಡ್‌ಗಾರ್ಡ್ ಮತ್ತು ಬಾನೆಟಿನ ಅಂಚಿಗೆ ಒದ್ದೆ ಬಟ್ಟೆ ಹೊದಿಸಿ, ಒಂದು ಬಕೆಟ್ ನೀರು ಪಕ್ಕದಲ್ಲಿಟ್ಟುಕೊಂಡೆ. ಈ ದ್ರವ ನೀರಿನಲ್ಲಿ ಕರಗುವುದರಿಂದ ಬಿದ್ದ ಕೂಡಲೇ ನೀರು ಹಾಕಿ ತೊಳೆದರೆ ಬಣ್ಣ ಉಳಿಯುತ್ತದೆ. ಡಬ್ಬಿಯಲ್ಲಿದ್ದುದನ್ನು ಸಿರಿಂಜಿನಿಂದ ಹೀರಿ ತೆಗೆದೆ. ಚಹಾದ ಡಿಕಾಕ್ಷನ್ನಿನಂತೆ ಕಪ್ಪಾಗಿದ್ದ ಅದನ್ನು ನೋಡಿ ನಾಚಿಕೆಯಾಯಿತು, ಏಕೆಂದರೆ ಅದನ್ನು ಬದಲಿಸುವ ಹೊಣೆ ಯಾರದ್ದೂ ಅಲ್ಲ, ನನ್ನದೇ.

ಪೈಪಿನ ನಟ್ಟು ಬಿಚ್ಚುವುದೇ ಈ ಕೆಲಸದಲ್ಲಿ ಕೈ ನಡುಗಿಸುವ ಘಟ್ಟ. ಸಾಮಾನ್ಯ ಬಾಯಿಪಾನಾ ನಟ್ಟಿನ ಎರಡು ಮುಖಗಳನ್ನಷ್ಟೇ ಹಿಡಿಯುತ್ತದೆ, ಬಿಗಿದ ನಟ್ಟು ಮೆತ್ತಗಿದ್ದರೆ ಮೂಲೆಗಳು ಉರುಟಾಗಿ ಮುಂದೆ ಯಾವ ಪಾನಾಕ್ಕೂ ಸಿಗದಂತಾಗುತ್ತದೆ. ಫ್ಲೇರ್ ಪಾನಾ ರಿಂಗ್ ಪಾನಾದಂತೆಯೇ ಸುತ್ತಲೂ ಹಿಡಿಯುತ್ತದೆ, ಪೈಪು ತೂರುವಷ್ಟು ಸಂದು ಮಾತ್ರ ಅದರಲ್ಲಿರುತ್ತದೆ. ಒಂದು ನಟ್ಟು ಸುಲಭವಾಗಿ ಬಂತು. ಇನ್ನೊಂದು ತಿರುಗಿತು, ಆದರೆ ಜೊತೆಗೆ ಪೈಪೂ ತಿರುಚಿಕೊಳ್ಳತೊಡಗಿತು. ಅಲ್ಲಿಗೇ ನಿಲ್ಲಿಸಿದೆ. ಅದೇ ಹಟದಲ್ಲಿ ಮುಂದುವರಿದಿದ್ದರೆ ಪೈಪು ಮುರಿದು, ಹೊಸ ಪೈಪು ಮಾಡಿಸಲು ಗಾಡಿಯನ್ನು ಎಳೆಸಿಕೊಂಡು ಹೋಗಬೇಕಾಗುತ್ತಿತ್ತು. ನಟ್ಟನ್ನು ಎಳ್ಳಿನಷ್ಟು ಬಿಗಿದು, ಮತ್ತೆ ಎಳ್ಳಿನಷ್ಟು ಸಡಿಲಿಸಿ, ಪೈಪನ್ನು ಇನ್ನೊಂದು ಕೈಯಿಂದ ಅಲುಗದಂತೆ ಹಿಡಿದು, ಹೀಗೆ ಮುಕ್ಕಾಲು ಗಂಟೆ ಓಲೈಸಿದ ಮೇಲೆ ಪೈಪು ನಿಂತಲ್ಲೇ ನಿಂತು ನಟ್ಟು ಮಾತ್ರ ತಿರುಗಿತು. ತೆರೆದ ಪೈಪುಗಳ ಬಾಯಿಗೆ ಸಲೈನ್ ಪೈಪಿನ ತುಂಡು ತೊಡಿಸಿ, ತುದಿ ಮಡಚಿ ದಾರ ಕಟ್ಟಿದೆ. ಆಮೇಲೆ 12 ಎಂಎಂ ಸಾಕೆಟ್ಟಿನಿಂದ ಎರಡು ನಟ್ಟು ಬಿಚ್ಚಿದರೆ ಸಿಲಿಂಡರ್ ಕೈಗೆ ಬಂತು.

ಬೂಸ್ಟರಿನ ಬಾಯಿಯೊಳಗೆ ಸಿರಿಂಜಿನ ತುದಿಗೆ ಪೈಪು ಸಿಕ್ಕಿಸಿ ಹೀರಿದಾಗ ಸುಮಾರು 40 ಮಿಲಿಲೀಟರ್ ಬಂತು. ಕಾಣೆಯಾಗಿದ್ದುದರಲ್ಲಿ ಇನ್ನುಳಿದದ್ದನ್ನು ಇಂಜಿನ್ ಕುಡಿದಿರಬೇಕು. ಒಳಗೆ ಬಟ್ಟೆ ಸುತ್ತಿದ ಕಡ್ಡಿ ತೂರಿಸಿ ಕೈಗೆ ಎಟುಕಿದಷ್ಟನ್ನು ಒರೆಸಿದೆ. ಬೂಸ್ಟರಿನ ರಬ್ಬರ್ ಪೊರೆ ಈ ದ್ರವದಲ್ಲಿ ನೆನೆದು ಹಾಳಾಗಿರಬಹುದೆಂಬ ಭಯವಿತ್ತು, ಅದರ ಪರೀಕ್ಷೆ ಕೊನೆಗೆ.

ಹಳೆಯ ಸಿಲಿಂಡರನ್ನು ಎಸೆಯುವ ಮೊದಲು ಬಿಚ್ಚಿ ನೋಡುವ ಆಸೆಯನ್ನು ತಡೆಯಲಾಗಲಿಲ್ಲ. ಬದಿಯ ಸ್ಟಾಪರ್ ಬೋಲ್ಟ್ ತೆಗೆದು, ಹಿಂದಿನ ಸರ್ಕ್ಲಿಪ್ ಬಿಡಿಸಿದರೆ ಒಂದರ ಹಿಂದೆ ಒಂದು ಎರಡು ಪಿಸ್ಟನ್‌ಗಳು ಹೊರಬರುತ್ತವೆ. ಬ್ರೇಕಿನ ಪೈಪುಜಾಲವನ್ನು ಎರಡು ಬೇರೆ ಬೇರೆ ಭಾಗಗಳಾಗಿ ಮಾಡಿರುವುದು ಈ ಎರಡು ಪಿಸ್ಟನ್‌ಗಳೇ. ಒಂದು ಭಾಗದ ಪೈಪು ಒಡೆದು ಎಲ್ಲ ಆಯಿಲ್ ಹೋದರೂ ಇನ್ನೊಂದು ಭಾಗ ಗಾಡಿಯನ್ನು, ಹೆಚ್ಚು ದೂರ ಓಡಿಯಾದರೂ ಸರಿ, ನಿಲ್ಲಿಸುತ್ತದೆ. ಹಿಂದಿನ ಪಿಸ್ಟನ್ನಿನ ಸೀಲಿನ ತುಟಿ ಹಳೆಯ ಚಪ್ಪಲಿಯ ಅಂಚಿನಂತೆ ಬಿರುಸಾಗಿ ಒಂದು ಕಡೆ ಸೀಳಿತ್ತು. ಬೋರಿನಲ್ಲಿ ಪಿಸ್ಟನ್ ದಿನನಿತ್ಯ ಓಡಾಡುವ ಭಾಗ ಕನ್ನಡಿಯಂತಿತ್ತು, ಆದರೆ ಅದರಿಂದ ಆಚೆ, ಪೆಡಲನ್ನು ನೆಲದವರೆಗೆ ತುಳಿದರೆ ಮಾತ್ರ ಕಪ್ ತಲುಪುವ ಜಾಗದಲ್ಲಿ, ಗೋಡೆಯ ಕೆಳಭಾಗದ ಉದ್ದಕ್ಕೂ ಸಣ್ಣ ಸಣ್ಣ ಗುಳಿಗಳು ಮತ್ತು ಕಪ್ಪು ಕೆಸರು. ಕಿಟ್ ತರದಿದ್ದುದು ಸರಿಯೇ ಆಯಿತು.

ಈ ಗುಳಿಗಳು ನನಗೆ ಇನ್ನೊಂದು ವಿಷಯವನ್ನು ವಿವರಿಸಿದವು. ಕಳೆದ ವರ್ಷ ಹಿಂದಿನ ಬ್ರೇಕ್ ಲೈನರುಗಳನ್ನು ಹಾಕಿದ ಮೇಲೆ ಬ್ರೇಕ್ ಪೈಪುಗಳಲ್ಲಿ ಸೇರಿದ ಗಾಳಿಯನ್ನು ತೆಗೆಯುವಾಗ ನಾನೇ ಪೆಡಲನ್ನು ಪ್ರತಿ ಸಲವೂ ನೆಲಕ್ಕೆ ತಾಗುವಂತೆ ತುಳಿಸಿದ್ದೆ. ಇಪ್ಪತ್ತೈದು ವರ್ಷ ಒಂದೇ ಅಂಗುಲದಲ್ಲಿ ಓಡಾಡಿಕೊಂಡಿದ್ದ ರಬ್ಬರಿನ ತುಟಿ ಅಂದು ಮೊದಲ ಬಾರಿಗೆ ಆ ಒರಟು ಜಾಗದ ಮೇಲೆ ನಲವತ್ತು ಐವತ್ತು ಸಲ ಉಜ್ಜಿರಬೇಕು. ಹಳೆಯ ಗಾಡಿಗಳಲ್ಲಿ ಗಾಳಿ ತೆಗೆದ ಕೆಲವೇ ತಿಂಗಳಲ್ಲಿ ಮಾಸ್ಟರ್ ಸಿಲಿಂಡರ್ ಕೈಕೊಡುವುದನ್ನು ಮೆಕ್ಯಾನಿಕರು ಗ್ರಹಚಾರವೆನ್ನುತ್ತಾರೆ. ಅದಕ್ಕೆ ಕಾರಣ ಬಹುಪಾಲು ಇದೇ. ಪೆಡಲಿನ ಕೆಳಗೆ ಒಂದು ಮರದ ತುಂಡು ಇಟ್ಟು ಅರ್ಧದವರೆಗೆ ಮಾತ್ರ ತುಳಿಯುವಂತೆ ಮಾಡಿದ್ದರೆ ಸಾಕಾಗುತ್ತಿತ್ತು.

ಹೊಸ ಸಿಲಿಂಡರನ್ನು ಗಾಡಿಗೆ ಕೂರಿಸುವ ಮೊದಲೇ ಅದರೊಳಗಿನ ಗಾಳಿಯನ್ನು ತೆಗೆಯಬೇಕು. ಇದನ್ನು ಬಿಟ್ಟರೆ ಚಕ್ರಗಳ ಬಳಿ ಎಷ್ಟು ಆಯಿಲ್ ಹರಿಸಿದರೂ ಪೆಡಲ್ ಸ್ಪಂಜಿನಂತೆಯೇ ಉಳಿಯುತ್ತದೆ, ಏಕೆಂದರೆ ಸಿಲಿಂಡರಿನ ಮೇಲ್ಭಾಗದಲ್ಲಿ ಸಿಕ್ಕಿಕೊಂಡ ಗುಳ್ಳೆ ಆಯಿಲಿನೊಂದಿಗೆ ಕೆಳಗೆ ಇಳಿಯಲು ಒಪ್ಪುವುದಿಲ್ಲ. ನನ್ನ ಬಳಿ ವೈಸ್ ಇಲ್ಲ. ಬಾಲ್ಕನಿಯಲ್ಲಿದ್ದ ಮರದ ಸ್ಟೂಲಿಗೆ ಸಿಲಿಂಡರಿನ, ಬೋಲ್ಟಿಗೆ ಕೂರುವ ಚಾಚುಪಟ್ಟಿಯನ್ನು ಎರಡು ಕ್ಲಾಂಪಿನಿಂದ ಬಿಗಿದು, ಅಡಿಗೆ ಅಡುಗೆಮನೆಯ ಒಂದು ಸ್ಟೀಲಿನ ಪರಾತ ಇಟ್ಟೆ. ಈ ದ್ರವ ವಿಷವಾದ್ದರಿಂದ ಆ ಪರಾತ ಮತ್ತೆ ಅಡುಗೆಮನೆಗೆ ಮರಳಲಿಲ್ಲ. ಮನೆಯವರು ಅದರ ಬದಲು ಎರಡು ತರಿಸಿಕೊಂಡರು. ಪ್ರತಿ ತೂತಿಗೂ ಒಂದೊಂದು ಸಲೈನ್ ಪೈಪಿನ ತುಂಡು ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಡಬ್ಬಿಯೊಳಗಿನ ಆಯಿಲಿನಲ್ಲಿ ಮುಳುಗಿಸಿ, ಪಿಸ್ಟನ್ನಿನ ಕುಳಿಗೆ ತುದಿ ದುಂಡಗಿರುವ ಕಡ್ಡಿ ಇಟ್ಟು ನಿಧಾನವಾಗಿ ಒತ್ತಿದೆ, ಅದಕ್ಕಿಂತ ನಿಧಾನವಾಗಿ ಬಿಟ್ಟೆ. ಮೊದಲ ಹತ್ತು ಒತ್ತಿಗೆ ಸೋಡಾದಂತೆ ಗುಳ್ಳೆಗಳು, ಆಮೇಲೆ ಒಂದೊಂದೇ, ಇಪ್ಪತ್ತೈದರ ಸುಮಾರಿಗೆ ಒಂದೂ ಇಲ್ಲ. ಸಿಲಿಂಡರಿನ ಮೈಯನ್ನು ಮರದ ಹಿಡಿಯಿಂದ ಮೆಲ್ಲಗೆ ತಟ್ಟಿದಾಗ ಇನ್ನೂ ಎರಡು ಗುಳ್ಳೆ ಹೊರಬಂದವು, ಅವೇ ಕೊನೆ.

ಕೂರಿಸುವಾಗ ಒಂದು ಕ್ರಮವನ್ನು ಪಾಲಿಸಿದರೆ ಅನುಕೂಲ. ಸಿಲಿಂಡರನ್ನು ಬೂಸ್ಟರಿನ ಬೋಲ್ಟುಗಳ ಮೇಲೆ ಸಡಿಲವಾಗಿಯೇ ತೂಗುಬಿಟ್ಟು, ಪೈಪಿನ ನಟ್ಟುಗಳನ್ನು ಮೊದಲು ಬೆರಳಿನಿಂದಲೇ ಮೂರು ನಾಲ್ಕು ಸುತ್ತು ಹತ್ತಿಸಬೇಕು. ಸಿಲಿಂಡರ್ ಅಲುಗಾಡುತ್ತಿರುವಾಗ ಪೈಪು ತನ್ನ ನೇರಕ್ಕೆ ತಾನೇ ಕೂರುತ್ತದೆ. ಮೊದಲೇ ಬಿಗಿದುಬಿಟ್ಟರೆ ನಟ್ಟು ಓರೆಯಾಗಿ ಹತ್ತಿ ಅಲ್ಯುಮಿನಿಯಮ್ಮಿನ ತಿರುಪುಮರೆ ಕೆಡುತ್ತದೆ. ಸಿಲಿಂಡರ್ ಮತ್ತು ಬೂಸ್ಟರಿನ ಮಧ್ಯದ ಸೀಲ್ ಹೊಸದು ಹಾಕಿ, ಎರಡು ನಟ್ಟುಗಳನ್ನು ಸಮವಾಗಿ 13 ನ್ಯೂಟನ್ ಮೀಟರಿನಷ್ಟು, ಪೈಪಿನ ನಟ್ಟುಗಳನ್ನು 16ರಷ್ಟು ಬಿಗಿದೆ. ಇವು ದೊಡ್ಡ ಬಿಗುವೇನಲ್ಲ, ಒಂದು ಗೇಣುದ್ದದ ಪಾನಾವನ್ನು ಮಣಿಕಟ್ಟಿನ ಬಲದಲ್ಲಿ ಎಳೆದರೆ ಸಿಗುವಷ್ಟು.

ಇನ್ನು ಚಕ್ರಗಳ ಬಳಿ ಬ್ರೇಕ್ ಪೈಪಿನ ಗಾಳಿ ತೆಗೆಯುವ ಕೆಲಸ: ಒಬ್ಬರು ಪೆಡಲ್ ಒತ್ತಿ ಹಿಡಿದಾಗ ಇನ್ನೊಬ್ಬರು ಚಕ್ರದ ಬಳಿಯ ಸಣ್ಣ ನಿಪ್ಪಲ್ಲನ್ನು ಸಡಿಲಿಸಿ ಗಾಳಿ ಬೆರೆತ ಆಯಿಲನ್ನು ಹೊರಬಿಡಬೇಕು. ಸಿಲಿಂಡರಿನಿಂದ ಅತಿ ದೂರದ ಎಡಹಿಂದಿನ ಚಕ್ರದಿಂದ ಆರಂಭಿಸಿ ಹತ್ತಿರದ ಬಲಮುಂದಿನ ಚಕ್ರಕ್ಕೆ ಮುಗಿಸಿದೆ. ಈ ಸಲ ಪೆಡಲಿನ ಕೆಳಗೆ ಮರದ ತುಂಡು ಇತ್ತು. "ಒತ್ತೇನ್ರಿ", "ಬಿಡ್ಲೇನ್ರಿ ಮಾಮಾ" ಎಂದು ಅಳಿಯನ ದನಿ, "ಹಿಡಿ", "ಬಿಡು" ಎಂದು ನನ್ನ ದನಿ ಪಾರ್ಕಿಂಗಿನಲ್ಲಿ ಒಂದು ಗಂಟೆ ಕೇಳಿಸಿತು. ಕಾವಲುಗಾರ ನಮ್ಮಿಬ್ಬರಿಗೂ ಜಗಳವೆಂದು ತಿಳಿದು ಒಮ್ಮೆ ಬಂದು ಇಣುಕಿ ಹೋದ. ನಾಲ್ಕೂ ಚಕ್ರಗಳಿಂದ ಹೊಸ ಆಯಿಲಿನ ತಿಳಿ ಹಳದಿ ಬಣ್ಣ ಕಾಣುವಷ್ಟರಲ್ಲಿ ಒಂದು ಬಾಟಲಿ ಮುಗಿದು ಎರಡನೆಯದು ಅರ್ಧವಾಗಿತ್ತು. ಪೆಡಲ್ ಮೇಲೆಯೇ, ಕಲ್ಲಿನಂತೆ ಬಿಗಿಯಾಗಿ ನಿಂತಿತು. ಆ ಬಿಗುವು ಸ್ವಲ್ಪ ಹೆಚ್ಚೇ ಆಯಿತೆಂದು ಅನುಮಾನಿಸಬೇಕಿತ್ತು, ಆದರೆ ಖುಷಿಯಲ್ಲಿ ಅನುಮಾನ ಹತ್ತಿರ ಸುಳಿಯಲಿಲ್ಲ.

ಸೋಮವಾರ ಬೆಳಿಗ್ಗೆ ಧಾಯರಿಯಿಂದ ಸಿಂಹಗಡ ರಸ್ತೆಗೆ ಬಂದು ನಾಲ್ಕು ಕಿಲೋಮೀಟರ್ ಹೋಗಿರಲಿಲ್ಲ, ಗಾಡಿ ಯಾರೋ ಹಿಂದಿನಿಂದ ಹಿಡಿದು ಎಳೆಯುತ್ತಿರುವಂತೆ ಭಾರವಾಯಿತು. ಪೆಡಲ್ ಪ್ರತಿ ಸಲ ತುಳಿದಾಗಲೂ ಮೊದಲಿಗಿಂತ ಮೇಲೆಯೇ ಬಿಗಿಯುತ್ತಿತ್ತು. ಸುಟ್ಟ ವಾಸನೆ ಬಂದಾಗ ಪಕ್ಕಕ್ಕೆ ನಿಲ್ಲಿಸಿದೆ. ಮುಂದಿನ ಎರಡೂ ಚಕ್ರಗಳಿಂದ ತವೆಯ ಮೇಲಿನಂತೆ ಝಳ ಏಳುತ್ತಿತ್ತು, ನ್ಯೂಟ್ರಲ್ಲಿಗೆ ಹಾಕಿ ತಳ್ಳಿದರೆ ಗಾಡಿ ಅಲುಗುತ್ತಿರಲಿಲ್ಲ. ಒಂದೇ ಚಕ್ರ ಹಿಡಿದಿದ್ದರೆ ಕ್ಯಾಲಿಪರಿನ ದೋಷವೆನ್ನಬಹುದಿತ್ತು. ಎರಡೂ ಒಟ್ಟಿಗೆ ಹಿಡಿದಿದ್ದರೆ ಮೂಲ ಮೇಲೆ, ಮಾಸ್ಟರ್ ಸಿಲಿಂಡರಿನ ಕಡೆ ಇದೆ. ಜೇಬಿನಲ್ಲಿದ್ದ ಪಾನಾದಿಂದ ಸಿಲಿಂಡರಿನ ಎರಡು ನಟ್ಟುಗಳನ್ನು ಎರಡು ಸುತ್ತು ಸಡಿಲಿಸಿದೆ. ಸಿಲಿಂಡರ್ ಕೂದಲೆಳೆಯಷ್ಟು ಮುಂದೆ ಸರಿದದ್ದೇ ತಡ, ಗಾಡಿ ಬಿಟ್ಟುಕೊಂಡಿತು. ರೋಗ ಯಾವುದೆಂದು ಅಲ್ಲಿಯೇ ಖಚಿತವಾಯಿತು.

ಬೂಸ್ಟರಿನ ಒಳಗಿನಿಂದ ಒಂದು ಪುಶ್ ರಾಡ್ ಚಾಚಿಕೊಂಡು ಬಂದು ಸಿಲಿಂಡರಿನ ಪಿಸ್ಟನ್ನಿನ ಕುಳಿಯೊಳಗೆ ನಿಲ್ಲುತ್ತದೆ. ಕಾಲು ತೆಗೆದಾಗ ಪಿಸ್ಟನ್ ಪೂರ್ತಿ ಹಿಂದಕ್ಕೆ ಬಂದರೆ ಮಾತ್ರ ಕಪ್ಪಿನ ಎದುರಿಗೆ ಸೂಜಿಮೊನೆಯಷ್ಟು ಸಣ್ಣ ಕಿಂಡಿಯೊಂದು ತೆರೆಯುತ್ತದೆ, ಪೈಪಿನಲ್ಲಿದ್ದ ಆಯಿಲ್ ಅದರ ಮೂಲಕ ಡಬ್ಬಿಯೊಂದಿಗೆ ಸಂಪರ್ಕದಲ್ಲಿರುತ್ತದೆ. ರಾಡ್ ಅರ್ಧ ಮಿಲಿಮೀಟರ್ ಉದ್ದವಾಗಿದ್ದರೂ ಪಿಸ್ಟನ್ ಅಷ್ಟು ಮುಂದೆಯೇ ನಿಂತು ಕಿಂಡಿ ಮುಚ್ಚಿಹೋಗುತ್ತದೆ. ನಿಂತ ಗಾಡಿಯಲ್ಲಿ ಇದು ಗೊತ್ತಾಗುವುದಿಲ್ಲ. ಓಡಿಸಿ ನಾಲ್ಕು ಸಲ ಬ್ರೇಕ್ ಹಾಕಿದಾಗ ಆಯಿಲ್ ಬಿಸಿಯಾಗಿ ಹಿಗ್ಗುತ್ತದೆ, ಹಿಗ್ಗಿದ್ದು ಡಬ್ಬಿಗೆ ಮರಳಲು ದಾರಿಯಿಲ್ಲದೆ ಪ್ಯಾಡುಗಳನ್ನು ಒತ್ತುತ್ತದೆ, ಒತ್ತಿದ ಪ್ಯಾಡು ಇನ್ನಷ್ಟು ಬಿಸಿ ಹುಟ್ಟಿಸುತ್ತದೆ. ಭಾನುವಾರ ನಾನು ಮೆಚ್ಚಿಕೊಂಡ ಕಲ್ಲಿನಂತಹ ಪೆಡಲ್ ಇದೇ ಆಗಿತ್ತು.

ಅರ್ಧ ಗಂಟೆ ಆರಲು ಬಿಟ್ಟು, ನಟ್ಟುಗಳನ್ನು ಮತ್ತೆ ಬಿಗಿದು, ಆರಿದ ಆಯಿಲ್ ಮತ್ತೆ ಬಿಸಿಯಾಗದಂತೆ ಬ್ರೇಕನ್ನು ಮುಟ್ಟಿಯೂ ಮುಟ್ಟದಂತೆ ಮೊದಲ ಮತ್ತು ಎರಡನೆಯ ಗೇರಿನಲ್ಲೇ ಮನೆಗೆ ತಂದೆ. ಪೈಪುಗಳನ್ನು ಬಿಚ್ಚದೆ, ಅವುಗಳ ಬಳುಕಿನಲ್ಲೇ ಸಿಲಿಂಡರನ್ನು ಬೋಲ್ಟಿನಿಂದ ಹೊರಗೆ ಸರಿಸಲು ಜಾಗವಿದ್ದುದರಿಂದ ಗಾಳಿ ತೆಗೆಯುವ ಕೆಲಸ ಮತ್ತೆ ಬೀಳಲಿಲ್ಲ. ವರ್ನಿಯರ್ ಕ್ಯಾಲಿಪರಿನ ಹಿಂಬದಿಯ ಕಡ್ಡಿಯಿಂದ ಹಳೆಯ ಸಿಲಿಂಡರಿನಲ್ಲಿ ಚಾಚುಪಟ್ಟಿಯಿಂದ ಪಿಸ್ಟನ್ನಿನ ಕುಳಿಯ ತಳದವರೆಗಿನ ಆಳವನ್ನು ಅಳೆದೆ, ಹೊಸದರಲ್ಲಿಯೂ ಅಳೆದೆ. ಹೊಸದರ ಕುಳಿ 0.8 ಮಿಲಿಮೀಟರ್ ಕಡಿಮೆ ಆಳವಿತ್ತು. ಅಂಗಡಿಯಲ್ಲಿ ನಾನು ನೋಡದೆ ಬಿಟ್ಟ ಅಳತೆ ಇದು. ಭಾಗದ ತಪ್ಪೆಂದು ನಾನು ಹೇಳಲಾರೆ. ರಾಡಿನ ತುದಿಗೆ ಹೊಂದಾಣಿಕೆಯ ಸ್ಕ್ರೂ ಇಟ್ಟಿರುವುದೇ ಇಂತಹ ವ್ಯತ್ಯಾಸಗಳಿಗಾಗಿ. ರಾಡಿನ ಮೈಯನ್ನು ಬಟ್ಟೆ ಸುತ್ತಿದ ಪಕ್ಕಡಿನಿಂದ ಹಿಡಿದು ತುದಿಯ ಸ್ಕ್ರೂವನ್ನು ಸಣ್ಣ ಪಾನಾದಿಂದ ಒಳಗೆ ತಿರುಗಿಸುತ್ತಾ ಬಂದೆ. ಪ್ರತಿ ಸಲವೂ ತುದಿಗೆ ಮಕ್ಕಳ ಆಟದ ಜೇಡಿಯನ್ನು ಕಡಲೆಕಾಳಿನಷ್ಟು ಅಂಟಿಸಿ, ಸಿಲಿಂಡರನ್ನು ಕೂರಿಸಿ ಬಿಗಿದು, ಮತ್ತೆ ತೆಗೆದು ಅಪ್ಪಚ್ಚಿಯಾದ ಜೇಡಿಯ ದಪ್ಪವನ್ನು ಅಳೆದೆ. ಮೊದಲ ಸಲ ಜೇಡಿಯೇ ಉಳಿದಿರಲಿಲ್ಲ. ನಾಲ್ಕನೆಯ ಸಲಕ್ಕೆ ಅರ್ಧ ಮಿಲಿಮೀಟರಿಗಿಂತ ತುಸು ಕಡಿಮೆ ಉಳಿಯಿತು, ಅಲ್ಲಿಗೆ ನಿಲ್ಲಿಸಿದೆ. ಇನ್ನೂ ಗಿಡ್ಡ ಮಾಡಿದರೆ ಬ್ರೇಕ್ ಹಿಡಿದುಕೊಂಡೇ ಉಳಿಯುವ ಭಯವಿಲ್ಲ, ಆದರೆ ಪೆಡಲಿನ ಮೊದಲ ಭಾಗ ಕೆಲಸವಿಲ್ಲದೆ ಇಳಿಯುತ್ತದೆ.

ಕಿಂಡಿ ತೆರೆದಿದೆಯೆಂಬುದಕ್ಕೆ ಅಳತೆಗಿಂತ ಗಟ್ಟಿಯಾದ ಸಾಕ್ಷಿ ಒಂದಿದೆ. ಡಬ್ಬಿಯ ಮುಚ್ಚಳ ತೆಗೆದು, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಸುತ್ತಲೂ ಬಟ್ಟೆ ಹಿಡಿದು, ಪೆಡಲನ್ನು ಬೆರಳಿನಷ್ಟು ದೂರ ಮಾತ್ರ ಒತ್ತಿಸಬೇಕು. ಕಪ್ ಕಿಂಡಿಯನ್ನು ದಾಟುವ ಆ ಕ್ಷಣದಲ್ಲಿ ಆಯಿಲಿನ ಮೇಲ್ಮೈಯಲ್ಲಿ ಸಣ್ಣ ಚಿಲುಮೆಯೊಂದು ಚಿಮ್ಮುತ್ತದೆ. ಅಳಿಯ ಪೆಡಲನ್ನು ಮುಟ್ಟುತ್ತಿದ್ದಂತೆ ಚಿಲುಮೆ ಎದ್ದಿತು. ಬೂಸ್ಟರಿನ ಪರೀಕ್ಷೆಯನ್ನೂ ಆಗಲೇ ಮುಗಿಸಿದೆ: ಇಂಜಿನ್ ಬಂದ್ ಇರುವಾಗ ನಾಲ್ಕೈದು ಸಲ ತುಳಿದು, ಪೆಡಲನ್ನು ಒತ್ತಿಹಿಡಿದೇ ಇಂಜಿನ್ ಚಾಲೂ ಮಾಡಿದಾಗ ಪೆಡಲ್ ಅರ್ಧ ಅಂಗುಲ ಕೆಳಗೆ ಹೋಗಿ ನಿಂತಿತು, ಬಂದ್ ಮಾಡಿ ಐದು ನಿಮಿಷದ ನಂತರ ತುಳಿದಾಗಲೂ ಒಳಗೆ ನಿರ್ವಾತ ಉಳಿದಿತ್ತು. ಪೊರೆ ಬದುಕಿದೆ.

ಮಂಗಳವಾರ ಬೆಳಿಗ್ಗೆ ಆರಕ್ಕೆ, ವಾಹನಗಳು ಕಡಿಮೆ ಇರುವಾಗ, ಕಾತ್ರಜದ ಹೊಸ ಸುರಂಗ ದಾಟಿ ಶಿಂದೇವಾಡಿಯ ಬಳಿ ತಿರುಗಿ ನವಲೆ ಸೇತುವೆಯ ಕಡೆಗೆ ಇಳಿದೆ. ಬ್ರೇಕ್ ಹಿಡಿಯದೆ ಲಾರಿಗಳು ಮುಂದಿನ ವಾಹನಗಳ ಮೇಲೆ ಹೋಗುವ ಸುದ್ದಿ ಮತ್ತೆ ಮತ್ತೆ ಬರುವ ಇಳಿಜಾರು ಅದು. ನ್ಯೂಟ್ರಲ್ಲಿನಲ್ಲಿ ಇಳಿಸುವ ಚಾಳಿಯೂ ಅದಕ್ಕೆ ಒಂದು ಕಾರಣ. ನಾನು ಮೂರನೆಯ ಗೇರಿನಲ್ಲಿಯೇ ಇಳಿದು, ಕೆಳಗೆ ಪಕ್ಕಕ್ಕೆ ನಿಲ್ಲಿಸಿ ನಾಲ್ಕೂ ಚಕ್ರಗಳ ಬಳಿ ಕೈ ಹಿಡಿದು ನೋಡಿದೆ. ಮುಂದಿನ ಎರಡು ಸಮವಾಗಿ ಬೆಚ್ಚಗಿದ್ದವು, ಹಿಂದಿನವು ಅದಕ್ಕಿಂತ ತಣ್ಣಗೆ. ಗಾಡಿ ಒಂದು ಕೈಗೆ ತಳ್ಳಿಸಿಕೊಂಡಿತು.

ನಾಲ್ಕು ದಿನದ ಮೇಲೆ ಧಾರವಾಡಕ್ಕೆ ಹೊರಟೆವು. ಖಂಬಾಟಕಿ ಘಾಟಿ ಹತ್ತಿ ಇಳಿದ ಮೇಲೆ ಸಾತಾರದಲ್ಲಿ ಒಮ್ಮೆ, ನಿಪ್ಪಾಣಿಯಲ್ಲಿ ಚಹಾಕ್ಕೆ ನಿಂತಾಗ ಇನ್ನೊಮ್ಮೆ ಬಾನೆಟ್ ಎತ್ತಿದೆ. ಡಬ್ಬಿಯ ಮೇಲೆ ಪೆನ್ನಿನಿಂದ ಎಳೆದಿದ್ದ ಗೆರೆಗೆ ಆಯಿಲ್ ಸರಿಯಾಗಿತ್ತು. ಊರು ತಲುಪಿದ ಮೇಲೆ ಸಿಲಿಂಡರಿನ ಅಡಿಯ ಸಂದಿಗೆ ಬಿಳಿ ಕಾಗದದ ತುಂಡೊಂದನ್ನು ಒತ್ತಿ ಹಿಡಿದು ತೆಗೆದೆ. ಅದು ಒಣಗಿಯೇ ಇತ್ತು.